ಅವ್ವನ ಮಾತನ್ನು ಯಾರು ಹೇಳಬೇಕು? ವೃದ್ಧಾಶ್ರಮದಲ್ಲಿರುವ ಹಿರಿಯರ ಕೊನೆಗಾಲದ ಚಿಕಿತ್ಸೆಗೆ ಯಾವ ಕಾಗದ, ಯಾವ ದಾರಿ

ಅವ್ವನನ್ನು ವಿರಾಜಪೇಟೆ ಕಡೆಯ ಒಂದು ವೃದ್ಧಾಶ್ರಮಕ್ಕೆ ಸೇರಿಸಿದ ದಿನ ನಾಲ್ಕು ಪುಟದ ಅರ್ಜಿ ತುಂಬಿಸಿಕೊಂಡರು. ಬಿ.ಪಿ., ಶುಗರ್, ಬ್ಲಡ್ ಗ್ರೂಪ್, ಮಾಂಸ ತಿನ್ನುತ್ತಾರಾ, ರಾತ್ರಿ ಎಷ್ಟು ಸಲ ಏಳುತ್ತಾರೆ, ಎಲ್ಲಕ್ಕೂ ಕಾಲಂ ಇತ್ತು. ಕೊನೆಯ ಪುಟದಲ್ಲಿ ‘ತೀರಿಕೊಂಡರೆ ದೇಹ ಒಯ್ಯುವವರು ಯಾರು’ ಎಂದೂ ಇತ್ತು. ಅಲ್ಲಿ ನನ್ನ ಹೆಸರು ಬರೆದೆ. ತೀರಿಕೊಳ್ಳುವುದಕ್ಕೆ ಮುಂಚಿನ ವಾರಗಳಲ್ಲಿ ಅವಳಿಗೆ ಏನು ಬೇಕು, ಏನು ಬೇಡ ಎಂದು ಕೇಳುವ ಕಾಲಂ ಮಾತ್ರ ಎಲ್ಲೂ ಕಾಣಲಿಲ್ಲ.

ಅದನ್ನು ಕೇಳಿಟ್ಟುಕೊಳ್ಳದಿದ್ದರೆ ಏನಾಗುತ್ತದೆ ಎಂದು ನಮ್ಮತ್ತೆಯ ವಿಷಯದಲ್ಲಿ ಆಗಲೇ ಕಂಡಿದ್ದೆ. ಅವರಿದ್ದದ್ದು ಬೇರೆ ಆಶ್ರಮ. ಜುಲೈ ಮಳೆಯ ಒಂದು ರಾತ್ರಿ ಕಫ ಕಟ್ಟಿ ಉಸಿರು ಎಳೆಯತೊಡಗಿದರು. ಡ್ಯೂಟಿಯಲ್ಲಿದ್ದ ಹುಡುಗಿ ಹೆದರಿ 108ಕ್ಕೆ ಫೋನ್ ಮಾಡಿದಳು, ಅವಳದ್ದೇನೂ ತಪ್ಪಿಲ್ಲ. ಮೊದಲು ಹತ್ತಿರದ ಆಸ್ಪತ್ರೆ, ಅಲ್ಲಿಂದ ಜಿಲ್ಲೆಯಾಚೆಯ ದೊಡ್ಡ ಆಸ್ಪತ್ರೆ. ನಾವು ತಲುಪುವಷ್ಟರಲ್ಲಿ ಗಂಟಲಿಗೆ ಪೈಪು ಇಳಿಸಿ ವೆಂಟಿಲೇಟರ್‌ಗೆ ಹಾಕಿಯಾಗಿತ್ತು. ಎಂಬತ್ತೇಳು ವರ್ಷದವರು, ಆರು ವರ್ಷದಿಂದ ಮರೆವಿನ ಕಾಯಿಲೆ. ಪೈಪು ಕಿತ್ತುಕೊಳ್ಳುತ್ತಾರೆಂದು ಎರಡೂ ಮಣಿಕಟ್ಟನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಬಲಗೈಯ ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ತಡವುತ್ತಲೇ ಇದ್ದವು, ಅಂಗಳದಲ್ಲಿ ಕೂತು ಕರಿಮೆಣಸು ಬಿಡಿಸುತ್ತಿದ್ದ ಹಾಗೆ. ಹನ್ನೊಂದು ದಿನ ಹಾಗೇ ಇದ್ದು ಹೋದರು. ‘ಸಾಕು’ ಎನ್ನಲು ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಹಾಗೆನ್ನುವ ಹಕ್ಕು ಯಾರದು ಎಂಬುದೂ ಗೊತ್ತಿರಲಿಲ್ಲ.

ಅವ್ವನಿಗೆ ಹಾಗಾಗಬಾರದು ಎಂದು ವಕೀಲರು, ವೈದ್ಯರು, ಆಶ್ರಮದ ಸಿಸ್ಟರ್ ಎಲ್ಲರನ್ನೂ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೋಲಿಸಿ ಬರೆದಿದ್ದೇನೆ. ನಮ್ಮ ಕಡೆ ನರ್ಸಿಂಗ್ ಹೋಂ ಅಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ನಾನು ಹೇಳುತ್ತಿರುವುದು ಅದನ್ನಲ್ಲ, ಹಿರಿಯರು ವರ್ಷಗಟ್ಟಲೆ ಉಳಿದುಕೊಳ್ಳುವ ವೃದ್ಧಾಶ್ರಮ, ಆರೈಕೆ ಮನೆಗಳ ವಿಷಯ. ಇನ್ನೊಂದು, ಇದು ಇಂಜೆಕ್ಷನ್ ಕೊಟ್ಟು ಸಾಯಿಸುವ ಮಾತಲ್ಲ. ಅದು ಭಾರತದಲ್ಲಿ ಇವತ್ತಿಗೂ ಅಪರಾಧ. ಗುಣವಾಗುವ ಆಸೆಯಿಲ್ಲದ ಹಂತದಲ್ಲಿ ಯಂತ್ರದ ಮೇಲೆ ಜೀವ ಎಳೆಯುವುದು ಬೇಡ, ನೋವು ಮಾತ್ರ ಕಳೆಯಿರಿ ಎಂದು ಬುದ್ಧಿ ನೆಟ್ಟಗಿರುವಾಗಲೇ ಹೇಳಿಡುವುದು, ಅಷ್ಟೇ.

ಕೆಲಸಕ್ಕೆ ಬಾರದ ಕಾಗದಗಳು

ಈ ಮಾತೆತ್ತಿದರೆ ಬಹಳ ಜನ ‘ನಮ್ಮಲ್ಲಿ ವಿಲ್ ಆಗಿದೆ’ ಎನ್ನುತ್ತಾರೆ. ತೋಟ, ಗದ್ದೆ, ಮನೆಯ ವಿಲ್ ಬರೆದವರು ಸತ್ತ ಮೇಲೆ ನಡೆಯುವ ಕಾಗದ, ಐಸಿಯುನಲ್ಲಿ ಅದಕ್ಕೆ ಬೆಲೆಯಿಲ್ಲ. ಇನ್ನು ಕೆಲವರು ‘ಮಗನಿಗೆ ಜಿಪಿಎ ಕೊಟ್ಟಿದ್ದೇನೆ’ ಎನ್ನುತ್ತಾರೆ, ಅಂದರೆ ತಮ್ಮ ಪರವಾಗಿ ವ್ಯವಹಾರ ನಡೆಸುವ ಅಧಿಕಾರಪತ್ರ. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಜಿಪಿಎ ಅಲ್ಲಿಗೇ ಮುಗಿಯಿತು. ಅಂದರೆ ಬೇಕಾಗುವ ಹೊತ್ತಿಗೇ ಅದು ಕೈಕೊಡುತ್ತದೆ. ಬ್ಯಾಂಕಿನ ನಾಮಿನಿಗೂ ಚಿಕಿತ್ಸೆಗೂ ಸಂಬಂಧವೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ‘ಮುಂಗಡ ನಿರ್ದೇಶನ’ ಎಂಬ ಮಾತು ಬರುತ್ತದೆ, ಅದು ಮನೋರೋಗದ ಚಿಕಿತ್ಸೆಗೆ ಸೇರಿದ್ದು.

ಹಾಗಾದರೆ ನಿಜವಾಗಿ ಉಳಿಯುವುದು ಮೂರು ದಾರಿ: ಮನೆಯವರ ಬಳಿ ಬಾಯಿಮಾತಲ್ಲಿ ಹೇಳಿಡುವುದು, ಆಶ್ರಮದ ಫೈಲಿನಲ್ಲಿ ಒಂದು ಹಾಳೆ ಬರೆದಿಡುವುದು, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ತಿಳಿಸುವ ಲಿವಿಂಗ್ ವಿಲ್ ಅನ್ನು ನೋಟರಿ ಎದುರು ಮಾಡಿಸುವುದು.

ರಾತ್ರಿ ಎರಡಕ್ಕೆ ಯಾವುದು ನಡೆಯುತ್ತದೆ

ಮೂರನ್ನೂ ಅಳೆಯಲು ನನಗೆ ಸಿಕ್ಕ ಸರಿಯಾದ ಅಳತೆಗೋಲು ಇದು: ಆ ಮಾತು ಎಲ್ಲಿ, ಯಾರ ಕೈಯಲ್ಲಿ, ಯಾವ ಹೊತ್ತಲ್ಲಿ ಕೆಲಸ ಮಾಡಬೇಕು?

ಬಾಯಿಮಾತು ದುರ್ಬಲ ಎಂದು ತಳ್ಳಿಹಾಕಬೇಡಿ. ಎಚ್ಚರವಿರುವ, ಯೋಚಿಸಬಲ್ಲ ಹಿರಿಯರು ತಾವೇ ‘ಈ ಚಿಕಿತ್ಸೆ ಬೇಡ’ ಎಂದರೆ ಯಾವ ಕಾಗದವೂ ಬೇಕಿಲ್ಲ, ಅದು ಅವರ ಹಕ್ಕು. ಅವರಿಗೆ ಪ್ರಜ್ಞೆ ಇಲ್ಲದಾಗ ಹತ್ತಿರದಲ್ಲೇ ಇರುವ ಒಬ್ಬ ಮಗಳೋ ಮಗನೋ ಇದ್ದು, ಉಳಿದವರು ಅವರ ಮಾತಿಗೆ ಎದುರಾಡದಿದ್ದರೆ ಬಾಯಿಮಾತೂ ನಡೆಯುತ್ತದೆ. ಆದರೆ ಈಗಿನ ಕೊಡಗಿನ ಮನೆಗಳನ್ನು ನೋಡಿ. ಒಬ್ಬರು ಬೆಂಗಳೂರು, ಒಬ್ಬರು ಕೆನಡಾ, ಒಬ್ಬರು ಸೈನ್ಯದಲ್ಲಿ ಎಲ್ಲೋ ಗಡಿಯಲ್ಲಿ. ವರ್ಷಕ್ಕೊಮ್ಮೆ ಪುತ್ತರಿ ಸುಗ್ಗಿ ಹಬ್ಬಕ್ಕೆ ಬರುವವರಿಗೆ ತಾಯಿ ಎಷ್ಟು ಸೊರಗಿದ್ದಾಳೆಂಬುದು ಫೋನಿನಲ್ಲಿ ತಿಳಿಯುವುದಿಲ್ಲ. ದೂರದಲ್ಲಿರುವವರೇ ‘ಏನಾದರೂ ಮಾಡಿ, ಹಣದ ಚಿಂತೆ ಬೇಡ’ ಎಂದು ಜೋರು ಮಾಡುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ನಮ್ಮಣ್ಣನೂ ದೂರದಲ್ಲೇ ಇರುವುದು. ಇಸಿಎಚ್‌ಎಸ್ (ನಿವೃತ್ತ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿರುವ ಸೈನಿಕರ ಮನೆಗಳಲ್ಲಿ ಇನ್ನೊಂದು ಕಷ್ಟವಿದೆ. ಬಿಲ್ಲು ಕೈಯಿಂದ ಕಟ್ಟಬೇಕಿಲ್ಲವಾದ್ದರಿಂದ ‘ಇನ್ನೆರಡು ದಿನ ಇರಲಿ’ ಎನ್ನುವುದು ಸುಲಭ. ಆ ಎರಡು ದಿನ ಮಲಗಿರುವವರಿಗೆ ಹೇಗೆ ಕಳೆಯುತ್ತದೆಂದು ಕೇಳುವವರಿಲ್ಲ.

ಎರಡನೆಯದು ಆಶ್ರಮದ ಹಾಳೆ. ಇದಕ್ಕೆ ಕಾನೂನಿನಲ್ಲಿ ಇಂಥದೇ ಎಂಬ ಹೆಸರಿಲ್ಲ. ಒಂದೇ ಪುಟ, ದಪ್ಪ ಅಕ್ಷರ. ಜ್ವರ ಬಂದರೆ ಏನು, ಉಸಿರು ಕಟ್ಟಿದರೆ ಏನು, ಬಿದ್ದು ಕಾಲು ಮುರಿದರೆ ಏನು, ಯಾರಿಗೆ ಮೊದಲು ಫೋನ್, ಅವರು ಎತ್ತದಿದ್ದರೆ ಯಾರಿಗೆ. ಕೆಳಗೆ ಅವ್ವನ ಸಹಿ, ಎಲ್ಲ ಮಕ್ಕಳ ಸಹಿ, ನೋಡುವ ಡಾಕ್ಟರ ಸಹಿ. ರಾತ್ರಿ ಪಾಳಿಯ ಹುಡುಗಿಗೆ ಬೇಕಾದದ್ದು ಇದೇ. ಅವಳ ಹೆದರಿಕೆ ನ್ಯಾಯವಾದದ್ದು: ‘ನಾಳೆ ಮಕ್ಕಳು ಬಂದು ಯಾಕೆ ಆಸ್ಪತ್ರೆಗೆ ಸೇರಿಸಲಿಲ್ಲ ಅಂದರೆ ನಾನೇನು ಹೇಳಲಿ?’ ಎಲ್ಲ ಮಕ್ಕಳ ಸಹಿಯಿರುವ ಹಾಳೆ ಅವಳನ್ನೂ ಕಾಯುತ್ತದೆ, ಅವ್ವನನ್ನೂ ಕಾಯುತ್ತದೆ. ಆದರೆ ಆಸ್ಪತ್ರೆಯ ಐಸಿಯು ಬಾಗಿಲು ದಾಟಿದ ಮೇಲೆ ಈ ಹಾಳೆಗೆ ಅಷ್ಟು ಬಲವಿಲ್ಲ.

ಮೂರನೆಯದು ಲಿವಿಂಗ್ ವಿಲ್, ಕನ್ನಡದಲ್ಲಿ ಮುಂಗಡ ವೈದ್ಯಕೀಯ ನಿರ್ದೇಶನ. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಹಕ್ಕಿಗೆ ಸೇರಿದ್ದು ಎಂದು ಹೇಳಿ ಇದಕ್ಕೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಎಂಬತ್ತು ದಾಟಿದವರನ್ನು ಕೋರ್ಟಿಗೆ ಕರೆದೊಯ್ಯುವವರು ಯಾರು? 2023ರ ಜನವರಿ 24ರಂದು ಕೋರ್ಟ್ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಸಾಕ್ಷಿಗಳು ಆಸ್ತಿಯಲ್ಲಿ ಪಾಲಿಲ್ಲದ ಹೊರಗಿನವರಾದರೆ ಒಳ್ಳೆಯದು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ತಮ್ಮ ಪರವಾಗಿ ನಿರ್ಧರಿಸಲು ಕನಿಷ್ಠ ಇಬ್ಬರ ಹೆಸರು ಬರೆಯಬೇಕು ಎಂದು ಅದು ಹೇಳುತ್ತದೆ. ಒಂದು ಪ್ರತಿ ಹೆಸರಿಸಿದವರಿಗೆ, ಒಂದು ಕುಟುಂಬದ ವೈದ್ಯರಿಗೆ, ಒಂದು ಪಂಚಾಯಿತಿ ಅಥವಾ ಪುರಸಭೆಯಲ್ಲಿ ಇದಕ್ಕಾಗಿ ನೇಮಿಸಿದ ಅಧಿಕಾರಿಗೆ.

ಇದರ ಬಲ ಎಲ್ಲಿ? ಆಸ್ಪತ್ರೆಯ ಒಳಗೆ. ಗುಣವಾಗುವ ಆಸೆಯಿಲ್ಲ, ರೋಗಿಗೆ ಹೇಳುವ ಶಕ್ತಿಯಿಲ್ಲ ಎಂದಾದಾಗ ಚಿಕಿತ್ಸೆ ಮಾಡುತ್ತಿರುವ ವೈದ್ಯರೂ ಐದು ವರ್ಷಕ್ಕೆ ಕಡಿಮೆಯಿಲ್ಲದ ಅನುಭವವಿರುವ ಇನ್ನಿಬ್ಬರು ತಜ್ಞರೂ ಸೇರಿ ಮೊದಲ ಮಂಡಳಿ. ಅವರು ಒಪ್ಪಿದರೆ ಎರಡನೇ ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರೊಬ್ಬರು ಇರುತ್ತಾರೆ. ಎರಡಕ್ಕೂ ಆದಷ್ಟು ಮಟ್ಟಿಗೆ 48 ಗಂಟೆಯ ಗಡುವು. ಹೆಸರಿಸಿದವರ ಒಪ್ಪಿಗೆ ಪಡೆದು, ಮ್ಯಾಜಿಸ್ಟ್ರೇಟರಿಗೆ ತಿಳಿಸಿ, ಯಂತ್ರ ನಿಲ್ಲಿಸಬಹುದು. ಲಿವಿಂಗ್ ವಿಲ್ ಇಲ್ಲದಿದ್ದರೂ ಇದೇ ಎರಡು ಮಂಡಳಿಯ ದಾರಿ ಹತ್ತಿರದ ಸಂಬಂಧಿಕರ ಒಪ್ಪಿಗೆಯ ಮೇಲೆ ತೆರೆದಿದೆ. ಇದು ನಮ್ಮತ್ತೆಯ ಹೊತ್ತಿಗೆ ಗೊತ್ತಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ! ಆದರೆ ಲಿವಿಂಗ್ ವಿಲ್ ಇಲ್ಲದಾಗ ‘ಅವರಿಗೆ ಏನು ಬೇಕಿತ್ತು’ ಎಂಬುದಕ್ಕೆ ಉತ್ತರ ಮಕ್ಕಳ ಜಗಳದಲ್ಲಿ ಹುಡುಕಬೇಕಾಗುತ್ತದೆ.

ಈಗ ನೋಡಿ, ನೋಟರಿ ಮಾಡಿಸಿದ ಕಾಗದ ಎಷ್ಟೇ ಗಟ್ಟಿಯಾಗಿದ್ದರೂ ಮಳೆಯ ರಾತ್ರಿಯಲ್ಲಿ ಆಂಬುಲೆನ್ಸ್ ಕರೆಯಬೇಕೋ ಬೇಡವೋ ಎಂದು ಅದು ಹೇಳುವುದಿಲ್ಲ. ಆಶ್ರಮದ ಹಾಳೆ ಅದನ್ನು ಹೇಳುತ್ತದೆ, ಐಸಿಯುನಲ್ಲಿ ಸೋಲುತ್ತದೆ. ಆದ್ದರಿಂದ ಯಾವುದು ಮೇಲು ಎಂದು ಕೇಳಿದರೆ ನನ್ನ ಉತ್ತರ ಎರಡೂ ಬೇಕು. ಒಂದನ್ನೇ ಮಾಡಲು ಶಕ್ತಿಯಿದ್ದರೆ ಮೊದಲು ಆಶ್ರಮದ ಹಾಳೆ ಮಾಡಿ. ಒಂದು ಮಧ್ಯಾಹ್ನದ ಕೆಲಸ. ಮಕ್ಕಳಲ್ಲಿ ಮನಸ್ತಾಪವಿದೆ, ಅಥವಾ ಹತ್ತಿರದ ಸಂಬಂಧಿಕರೇ ಇಲ್ಲ ಎಂದರೆ ಮಾತ್ರ ನೋಟರಿ ಕಾಗದಕ್ಕೇ ಮೊದಲು ಓಡಿ.

ಯಾವ ಆಶ್ರಮವಾದರೂ ‘ಸೇರಬೇಕಾದರೆ ಇದಕ್ಕೆ ಸಹಿ ಹಾಕಲೇಬೇಕು’ ಎಂದು ಅಚ್ಚು ಹಾಕಿದ ಫಾರಂ ಮುಂದಿಟ್ಟರೆ ಸಹಿ ಹಾಕಬೇಡಿ. ಹಿರಿಯರು ಸ್ವಂತ ಇಚ್ಛೆಯಿಂದ ಹೇಳಿದ್ದಕ್ಕೆ ಮಾತ್ರ ಬೆಲೆ. ಒತ್ತಾಯ ಮಾಡಿದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು.

ಯಾರ ಹೆಸರು ಬರೆಯಬೇಕು

ಕಾಗದಕ್ಕಿಂತ ಇದೇ ದೊಡ್ಡದು, ಇದರಲ್ಲೇ ಜನ ಎಡವುತ್ತಾರೆ. ಹಿರಿ ಮಗ ಎಂಬ ಕಾರಣಕ್ಕೆ ಹಿರಿ ಮಗನ ಹೆಸರು ಬರೆಯುವುದು ನಮ್ಮ ರೂಢಿ. ಒಕ್ಕದ (ಕೊಡವ ಮನೆತನದ) ಹಿರಿಯರಾದ ಪಟ್ಟೆದಾರರನ್ನು ಕೇಳಿ ಬರೆದವರೂ ಇದ್ದಾರೆ. ಗೌರವಕ್ಕೆ ಅದು ಸರಿ. ಆದರೆ ಇಲ್ಲಿ ಬೇಕಾದದ್ದು ಮೂರು ಗುಣ: ಫೋನ್ ಎತ್ತಬೇಕು, ಎರಡು ಗಂಟೆಯೊಳಗೆ ಬಂದು ನಿಲ್ಲುವಂತಿರಬೇಕು, ತನ್ನ ದುಃಖವನ್ನು ಬದಿಗಿಟ್ಟು ಹಿರಿಯರ ಮಾತನ್ನು ಅವರ ಮಾತಾಗಿಯೇ ಹೇಳಬೇಕು. ಮೂರನೆಯದು ಅಪರೂಪ. ಅತಿ ಹೆಚ್ಚು ಪ್ರೀತಿಸುವವರಿಗೆ ಕೆಲವೊಮ್ಮೆ ‘ಸಾಕು’ ಎನ್ನಲು ಬಾಯಿ ಬರುವುದಿಲ್ಲ. ಅದು ಅವರ ತಪ್ಪಲ್ಲ, ಅವರ ಮೇಲೆ ಆ ಹೊರೆ ಹಾಕಬಾರದು.

ನಾವು ಅವ್ವನನ್ನೇ ಕೇಳಿದೆವು. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನಿನ್ನಣ್ಣ ಬೇಡ. ಅವನು ಅಳ್ತಾನೆ. ಅತ್ತರೆ ಡಾಕ್ಟ್ರಿಗೆ ಏನೂ ಹೇಳೋಕಾಗಲ್ಲ’ ಎಂದಳು. ಅಣ್ಣ ವಿಡಿಯೋ ಕಾಲ್‌ನಲ್ಲೇ ಇದ್ದ. ಅವನ ಮುಖ ನೋಡಲು ಕಷ್ಟವಾಯಿತು, ಆದರೆ ಅವನೇ ‘ಅವ್ವ ಹೇಳಿದ್ದು ಸರಿ’ ಎಂದ. ಕೊನೆಗೆ ನನ್ನ ಹೆಸರು, ಪೊನ್ನಂಪೇಟೆಯಲ್ಲಿರುವ ಚಿಕ್ಕಪ್ಪನ ಮಗನ ಹೆಸರು. ನಾನು ಮೈಸೂರಿನಲ್ಲಿ, ಮಳೆಗೆ ರಸ್ತೆ ಬಂದ್ ಆದರೆ ಬರಲಾಗದು. ಚಿಕ್ಕಪ್ಪನ ಮಗ ಅರ್ಧ ಗಂಟೆಯಲ್ಲಿ ಬರುತ್ತಾನೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಸಂಪಾಜೆ ಇಳಿಯುವ ಹೆದ್ದಾರಿಯೇ ಮುಚ್ಚಿಹೋಗಿದ್ದನ್ನು ಕಂಡವರು ನಾವು. ಇಬ್ಬರಲ್ಲಿ ಒಬ್ಬರಾದರೂ ಜಿಲ್ಲೆಯೊಳಗೇ ಇರಲಿ ಎಂದು ಯಾರು ಕೇಳಿದರೂ ಹೇಳುತ್ತೇನೆ.

ಏನೇನು ಬರೆಯಬೇಕು

‘ಕೃತಕ ಜೀವಾಧಾರ ಬೇಡ’ ಎಂಬ ಒಂದೇ ಸಾಲು ಬರೆದು ಮುಗಿಸಬೇಡಿ. ಅದರ ಅರ್ಥ ಒಬ್ಬೊಬ್ಬರಿಗೆ ಒಂದೊಂದು. ಡಾಕ್ಟರ ಜತೆ ಕೂತು ಒಂದೊಂದನ್ನೂ ಬಿಡಿಸಿ ಕೇಳಿ, ಹಿರಿಯರ ಮನೆಮಾತಿನಲ್ಲೇ ಕೇಳಿ. ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಬದುಕಿದವರಿಗೆ ಕನ್ನಡದಲ್ಲಿ ಕೇಳಿದರೆ ಮರ್ಯಾದೆಗೆ ‘ಹೂಂ’ ಎಂದುಬಿಡುತ್ತಾರೆ.

ಆಸ್ಪತ್ರೆಗೆ ಒಯ್ಯುವುದು ಮೊದಲ ಪ್ರಶ್ನೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಅದಕ್ಕಿಂತ ಜಾಸ್ತಿ, ಘಾಟಿಯ ತಿರುವು ಬೇರೆ. ಎಲುಬು ಚರ್ಮವಾದ ದೇಹಕ್ಕೆ ಆ ದಾರಿಯೇ ಒಂದು ಕಾಯಿಲೆ. ಇದು ಎಲ್ಲ ಅಥವಾ ಏನೂ ಇಲ್ಲ ಎಂಬ ಆಯ್ಕೆಯಾಗಬೇಕಿಲ್ಲ. ಆಶ್ರಮದಲ್ಲೇ ಮಾತ್ರೆ, ಇಂಜೆಕ್ಷನ್, ಆಮ್ಲಜನಕ ಕೊಡುವವರೆಗೆ ಸಾಕು ಎನ್ನಬಹುದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯವರೆಗೆ, ವಾರ್ಡಿನವರೆಗೆ ಸೈ, ಅಲ್ಲಿಂದಾಚೆಗೆ ಬೇಡ ಎನ್ನಬಹುದು. ಎಲ್ಲ ಚಿಕಿತ್ಸೆಯೂ ಬೇಕು ಎನ್ನುವುದೂ ಅಷ್ಟೇ ನ್ಯಾಯ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಎಪ್ಪತ್ತೆರಡರ ಹಿರಿಯರಿಗೆ ನ್ಯುಮೋನಿಯಾ ಬಂದರೆ ನಾನೂ ಆಸ್ಪತ್ರೆಗೇ ಎನ್ನುತ್ತೇನೆ. ಸಿಗರೇಟಿನ ಹಾಗೆ ಸಣ್ಣಗೆ ಸುಟ್ಟುಹೋಗುತ್ತಿರುವ ದೇಹಕ್ಕೆ ಬಂದ ನಾಲ್ಕನೇ ನ್ಯುಮೋನಿಯಾ ಬೇರೆ ಮಾತು.

ಹೃದಯ ನಿಂತಾಗ ಎದೆ ಒತ್ತುವುದು ಸಿನಿಮಾದಲ್ಲಿ ಕಾಣುವಷ್ಟು ಸುಲಭವಲ್ಲ. ಕೃಶವಾದ ವೃದ್ಧರಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ, ಎದ್ದು ಮೊದಲಿನಂತಾಗುವವರು ಬಹಳ ಕಡಿಮೆ. ಆಸ್ಪತ್ರೆಯಲ್ಲಿ ಇದು ಬೇಡವೆಂದು ವೈದ್ಯರು ಮನೆಯವರೊಡನೆ ಮಾತಾಡಿ ದಾಖಲಿಸುವುದು ಹೇಗೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕೇಳಿದರೆ ಡಾಕ್ಟರಿಗೆ ಗೊತ್ತಿರುತ್ತದೆ, ಕೇಳಲು ನಾವು ನಾಚಬಾರದು.

ಮನಸ್ಸು ಹೆಚ್ಚು ಕಲಕುವುದು ಮೂಗಿನ ಪೈಪು. ಊಟ ನುಂಗಲಾಗದ ದಿನ ಬಂದೇ ಬರುತ್ತದೆ, ಮರೆವಿನ ಕಾಯಿಲೆಯಲ್ಲಂತೂ ಖಂಡಿತ. ಅನ್ನ ಹಾಕದೆ ಸಾಯಲು ಬಿಡುವುದೇ ಎಂದು ಹೊಟ್ಟೆ ಕಿವುಚುತ್ತದೆ. ನಾನು ಇದನ್ನೇ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ವೈದ್ಯರು ನನಗೆ ತಿಳಿಸಿ ಹೇಳಿದ್ದು ಇದು: ಮರೆವಿನ ಕಾಯಿಲೆ ಕೊನೆಯ ಹಂತ ಮುಟ್ಟಿದವರಿಗೆ ಪೈಪಿನಿಂದ ಆಯುಸ್ಸು ಹೆಚ್ಚುತ್ತದೆಂದಾಗಲಿ, ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವುದು ತಪ್ಪುತ್ತದೆಂದಾಗಲಿ ಕಂಡುಬಂದಿಲ್ಲ. ವೃದ್ಧರ ಚಿಕಿತ್ಸೆಯ ಅಮೆರಿಕದ ವೈದ್ಯರ ಸಂಘವೇ ಪೈಪಿನ ಬದಲು ನಿಧಾನವಾಗಿ ಕೈಯಲ್ಲಿ ತಿನ್ನಿಸಿ ಎನ್ನುತ್ತದೆ. ದೇಹ ಮುಗಿಯುತ್ತ ಬಂದಾಗ ಹಸಿವೂ ಮುಗಿಯುತ್ತದೆ. ಅದು ಉಪವಾಸ ಹಾಕಿದಂತಲ್ಲ. ಪಾರ್ಶ್ವವಾಯು ಹೊಡೆದು ಚೇತರಿಸಿಕೊಳ್ಳುವ ಸೂಚನೆಯಿರುವವರ ವಿಷಯ ಬೇರೆ. ಅವರಿಗೆ ಕೆಲವು ವಾರ ಪೈಪು ಹಾಕಿ ನೋಡುವುದರಲ್ಲಿ ಅರ್ಥವಿದೆ, ಆದರೆ ‘ಇಷ್ಟು ವಾರ ನೋಡೋಣ’ ಎಂದು ಹಾಕುವಾಗಲೇ ಗಡುವು ಮಾತಾಡಿಕೊಳ್ಳಿ.

ಅವ್ವ ಇದಕ್ಕೆ ಹೇಳಿ ಬರೆಸಿದ ಸಾಲು ಅವಳದ್ದೇ: ‘ಮೂಗಿಗೆ ಪೈಪು ಬೇಡ. ಗಂಜಿ ಇಳಿದಷ್ಟು ಕುಡಿಸಿ. ಅದೂ ಇಳಿಯದಿದ್ದರೆ ಪಂದಿಕರಿಯ ಸಾರು ನಾಲಿಗೆಗೆ ಮುಟ್ಟಿಸಿ, ರುಚಿ ಸಾಕು.’ ನೋಟರಿ ಓದಿ ತಲೆಯೆತ್ತಿ ಅವಳನ್ನು ನೋಡಿದರು. ಹಾಗೇ ಇರಲಿ ಎಂದರು. ಇಂಥ ಮಾದರಿಯಲ್ಲೇ ಬರೆಯಬೇಕೆಂದು ಕೋರ್ಟ್ ಹೇಳಿಲ್ಲ. ಯಾವ ಸಂದರ್ಭದಲ್ಲಿ ಏನು ಬೇಡ ಎಂಬುದು ಗೊಂದಲವಿಲ್ಲದೆ ಇರಬೇಕು, ಅಷ್ಟೇ.

ನೋವು, ಉಬ್ಬಸ ಕಳೆಯುವ ಔಷಧಿ ಬೇಕು ಎಂಬುದನ್ನು ಮರೆಯದೆ ಬರೆಯಿರಿ. ‘ಬೇಡ’ಗಳ ಪಟ್ಟಿಯಲ್ಲಿ ಇದೊಂದು ‘ಬೇಕು’ ಕಳೆದುಹೋಗಬಾರದು.

ಕೊನೆಯ ದಿನಗಳು ಎಲ್ಲಿ

ಆಶ್ರಮದಲ್ಲೇ ಇರಿಸಿಕೊಳ್ಳುತ್ತಾರಾ ಎಂದು ಸೇರಿಸುವ ದಿನವೇ ಬಾಯಿ ಬಿಟ್ಟು ಕೇಳಿ. ಕೆಲವು ಕಡೆ ಸ್ಥಿತಿ ಕೆಟ್ಟೊಡನೆ ಮನೆಗೋ ಆಸ್ಪತ್ರೆಗೋ ಕಳಿಸಿಬಿಡುತ್ತಾರೆ. ರಾತ್ರಿ ನರ್ಸ್ ಇರುತ್ತಾರಾ, ಕರೆಂಟು ಎರಡು ದಿನ ಹೋದರೆ ಆಮ್ಲಜನಕದ ಯಂತ್ರಕ್ಕೆ ಜನರೇಟರ್ ಇದೆಯಾ ಎಂಬುದನ್ನೂ ಕೇಳಬೇಕು. ಮನೆಗೆ ಕರೆತರುವುದು ಹಿರಿಯರಿಗೆ ಎಲ್ಲಕ್ಕಿಂತ ಪ್ರಿಯ, ಐನ್‌ಮನೆಯ, ಅಂದರೆ ಮೂಲಮನೆಯ, ನಡುಮನೆ ನೆಲ್ಲಕ್ಕಿಯ ದೀಪ ಕಾಣುವಂತೆ ಮಲಗಬೇಕೆಂಬ ಆಸೆ ಎಷ್ಟೋ ಜನರಿಗೆ. ಆದರೆ ಹಗಲೂ ರಾತ್ರಿ ಮಗ್ಗುಲು ಬದಲಿಸಲು ಇಬ್ಬರಾದರೂ ಇಲ್ಲದಿದ್ದರೆ ಅದು ಹಾಸಿಗೆ ಹುಣ್ಣಿನಲ್ಲಿ ಮುಗಿಯುತ್ತದೆ. ಕ್ಯಾನ್ಸರ್ ಆದರೆ ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪಿಸ್ (ಕೊನೆಗಾಲದ ಆರೈಕೆ ಕೇಂದ್ರ) ಹಣ ಪಡೆಯದೆ ನೋಡಿಕೊಳ್ಳುತ್ತದೆ, ಊರು ಬಿಟ್ಟು ಹೋಗಬೇಕು ಎಂಬುದೇ ಅದರ ಕಷ್ಟ. ಗಡಿಯಾಚೆಯ ಕೇರಳದಲ್ಲಿ 2008ರಲ್ಲೇ ಉಪಶಾಮಕ ಆರೈಕೆಗೆ (ನೋವು, ಸಂಕಟ ಕಳೆಯುವ ಆರೈಕೆ) ಸರ್ಕಾರದ ನೀತಿ ಬಂದು, ಪಂಚಾಯಿತಿ ಲೆಕ್ಕದಲ್ಲಿ ನರ್ಸ್ ಮನೆಬಾಗಿಲಿಗೆ ಬರುತ್ತಾರೆ. ವಯನಾಡು, ಕಣ್ಣೂರು ನಮಗೆ ಇಷ್ಟು ಹತ್ತಿರ. ಆ ವ್ಯವಸ್ಥೆ ಕುಟ್ಟ, ಮಾಕುಟ್ಟ ದಾಟಿ ನಮ್ಮಲ್ಲಿಗೂ ಬರಲಿ ಎಂದು ನಾವು ಕೇಳಬೇಕು.

ತೀವ್ರ ನೋವು ಕಳೆಯುವ ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. 2014ರ ತಿದ್ದುಪಡಿಯಿಂದ ನಿಯಮ ಸಡಿಲವಾದರೂ ಅನುಮತಿ ಪಡೆದ ಸಂಸ್ಥೆಗಳಲ್ಲೇ ಕೊಡುತ್ತಾರೆ, ಯಾರ ಬಳಿ ಇದೆ ಎಂದು ಡಾಕ್ಟರನ್ನು ಮೊದಲೇ ವಿಚಾರಿಸಿ. ಆಶ್ರಮದಲ್ಲೋ ಮನೆಯಲ್ಲೋ ತೀರಿಕೊಂಡರೆ ಸಾವಿನ ಕಾರಣ ಬರೆದು ಫಾರಂ 4ಎಗೆ ಸಹಿ ಮಾಡಲು, ಕೊನೆಯಲ್ಲಿ ನೋಡಿದ ವೈದ್ಯರೊಬ್ಬರು ಬೇಕು. ಸಾವಿನ ನೋಂದಣಿಗೆ 21 ದಿನ. ಆ ವೈದ್ಯರು ಯಾರೆಂದು ಗೊತ್ತಿದ್ದರೆ ‘ಸರ್ಟಿಫಿಕೇಟಿಗಾದರೂ ಆಸ್ಪತ್ರೆಗೆ ಸೇರಿಸೋಣ’ ಎಂಬ ಓಟ ತಪ್ಪುತ್ತದೆ.

ಯಾವಾಗ

ಮರೆವು ಶುರುವಾಗಿದೆ ಎಂದು ಅನಿಸಿದ ವಾರವೇ. ಬೆಳಗ್ಗೆ ತಿಂಡಿಯಾದ ಮೇಲೆ ಬುದ್ಧಿ ಚುರುಕಾಗಿರುವ ಹೊತ್ತಲ್ಲಿ ಕೂತು, ಕೇಳಿದ್ದನ್ನೇ ಮರುದಿನ ಇನ್ನೊಮ್ಮೆ ಕೇಳಿ. ಎರಡು ದಿನವೂ ಒಂದೇ ಉತ್ತರ ಬಂದರೆ ಬರೆಯಿರಿ. ಅವರೇ ನಿರ್ಧರಿಸಲಾಗದಷ್ಟು ಮರೆವು ಬಂದ ಮೇಲೆ ಅವರ ಹೆಸರಲ್ಲಿ ಲಿವಿಂಗ್ ವಿಲ್ ಮಾಡಿಸಲು ಬರುವುದಿಲ್ಲ. ಆಗ ಉಳಿಯುವುದು ಡಾಕ್ಟರೂ ಮಕ್ಕಳೂ ಸೇರಿ ಬರೆಯುವ ಆಶ್ರಮದ ಹಾಳೆ.

ಬರೆದದ್ದು ಶಿಲಾಶಾಸನವೇನಲ್ಲ. ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು, ಹೊಸದು ಬರೆಯಬಹುದು. ಎರಡಿದ್ದರೆ ಕೊನೆಯದ್ದು ನಡೆಯುತ್ತದೆ. ನಾವು ಪುತ್ತರಿಗೆ ಎಲ್ಲರೂ ಸೇರಿದಾಗ ಆಶ್ರಮದ ಹಾಳೆಯನ್ನು ಅವ್ವನಿಗೆ ಓದಿ ಹೇಳುತ್ತೇವೆ. ಕಳೆದ ಸಲ ‘ಮೈಸೂರಿಗೆ ಬೇಡ’ ಎಂಬ ಸಾಲಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದಳು. ಪಕ್ಕದ ಮಂಚದವರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ನರಳಿದ್ದನ್ನು ಆ ಮಳೆಗಾಲದಲ್ಲಿ ಕಂಡಿದ್ದಳು. ‘ಸೊಂಟ ಮುರಿದರೆ ಮಾತ್ರ ಕರ್ಕೊಂಡು ಹೋಗು. ಆ ನೋವು ನಂಗೆ ಬೇಡ. ಆಪರೇಷನ್ ಆಗ್ಲಿ, ಆಮೇಲೆ ಇಲ್ಲಿಗೇ ವಾಪಸ್ಸು ತಾ’ ಎಂದಳು. ಅಂಚಿನಲ್ಲಿ ಆ ಸಾಲು ಸೇರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಅದರ ಕೆಳಗೆ ನಡುಗುವ ಕೈಯಲ್ಲಿ ಸಹಿ ಹಾಕಿ, ತಾರೀಕು ನನ್ನ ಕೈಯಲ್ಲಿ ಬರೆಸಿದಳು. ಸಿಸ್ಟರ್ ಮೇಜಿನ ಗಾಜಿನಡಿಯಿದ್ದ ಹಳೆಯ ಹಾಳೆ ತೆಗೆದು ಹೊಸದನ್ನು ಇಟ್ಟರು.